ವಿನಯವನ್ನು ಅಳೆಯುವುದು ಹೇಗೆ? ಇದೇ ವಿಷಯ ಹಿಡಿದು ಪಿಎಚ್‌ಡಿ, ಅಧ್ಯಾಪಕ ವೃತ್ತಿ ಸಾಧ್ಯವೇ?

ಇಂಡಿ_ರೋಡ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎಂ.ಎ. ಸೈಕಾಲಜಿ ಕೊನೆಯ ಸೆಮಿಸ್ಟರಿನ ವಿದ್ಯಾರ್ಥಿನಿ, ಊರು ವಿಜಯಪುರ. ಪಿಎಚ್‌ಡಿಗೆ ‘ವಿನಯ ಮತ್ತು ಮನಸ್ಸಿನ ನೆಮ್ಮದಿ’ ಎಂಬ ವಿಷಯ ತೆಗೆದುಕೊಳ್ಳಬೇಕೆಂದಿದ್ದೇನೆ. ಜಿಲ್ಲೆಯ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯರನ್ನು ಅಧ್ಯಯನಕ್ಕೆ ಆರಿಸಿಕೊಳ್ಳುವ ಯೋಚನೆ ಇದೆ.

ವಿನಯ ಅಳೆಯಲು ಯಾವ ಸ್ಕೇಲ್ ಒಳ್ಳೆಯದು, ಕನ್ನಡಕ್ಕೆ ಅದನ್ನು ತರುವುದು ಹೇಗೆ? ಇಂಗ್ಲಿಷ್ ಸ್ಕೇಲನ್ನು ಅನುವಾದಿಸಿ 300 ಜನರಿಂದ ತುಂಬಿಸಿಕೊಂಡು, ನೆಮ್ಮದಿಯ ಸ್ಕೇಲ್ ಜೊತೆ ಕೋರಿಲೇಶನ್ (ಸಹಸಂಬಂಧ) ತೆಗೆದರೆ ಸಾಕೇ? ಮತ್ತೆ, ಇಂಥ ವಿಷಯ ಹಿಡಿದು ಮುಂದೆ ಅಧ್ಯಾಪಕಿಯಾಗಿ ಸಂಶೋಧನೆ ಬೆಳೆಸಲು ಆಗುತ್ತದೆಯೇ? ಅಥವಾ ‘ಇದು ನೀತಿಪಾಠ, ಸೈಕಾಲಜಿ ಅಲ್ಲ’ ಅನ್ನುತ್ತಾರೆಯೇ?

ಮಲಪ್ರಭಾ_ತೀರ

ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ನೀತಿಪಾಠ ಅನ್ನುವವರು ಖಂಡಿತ ಇರುತ್ತಾರೆ. ಅವರ ಅನುಮಾನ ಪೂರ್ತಿ ತಪ್ಪೂ ಅಲ್ಲ. 2000ರಲ್ಲಿ ಮನೋವಿಜ್ಞಾನಿ ಜೂನ್ ಟ್ಯಾಂಗ್ನಿ ವಿನಯದ ಕುರಿತು ವಿಮರ್ಶಾ ಲೇಖನ ಬರೆದಾಗ, ಇದನ್ನು ನಂಬಿಕೆಯಿಂದ ಅಳೆಯುವ ಸಾಧನವೇ ಇಲ್ಲ ಎಂಬುದೇ ದೊಡ್ಡ ತೊಡಕಾಗಿತ್ತು. 2004ರಲ್ಲಿ ಪೀಟರ್ಸನ್ ಮತ್ತು ಸೆಲಿಗ್ಮನ್ 6 ಸದ್ಗುಣಗಳ ಅಡಿಯಲ್ಲಿ 24 ಗುಣಬಲಗಳನ್ನು ಪಟ್ಟಿ ಮಾಡಿ, ವಿನಯವನ್ನು ಸಂಯಮದ ಗುಂಪಿನಲ್ಲಿಟ್ಟರು. ಅಲ್ಲಿಂದ ಈಚೆಗೆ ನಡೆದ ಮುಖ್ಯ ಕೆಲಸವೆಲ್ಲ ಅಳತೆಯದೇ. ನಿಮ್ಮ ವೃತ್ತಿ ನಿಲ್ಲುವುದೂ ಬೀಳುವುದೂ ಅಳತೆಯ ಮೇಲೆ. ಅಳತೆ ಗಟ್ಟಿ ಇದ್ದರೆ ಯಾರೂ ನೀತಿಪಾಠ ಅನ್ನಲಾರರು.

ತೊಡಕು ಯಾಕೆ ಅಂದರೆ, ‘ನಾನು ಬಹಳ ವಿನಯವಂತ’ ಎಂದು ಐದಕ್ಕೆ ಐದು ಹಾಕಿಕೊಂಡವರನ್ನು ಏನೆಂದು ತಿಳಿಯಬೇಕು? ನಿಜವಾಗಿ ವಿನಯ ಇರುವವರು ಮೂರು ಹಾಕಿ ಸುಮ್ಮನಾಗಬಹುದು, ಸೊಕ್ಕಿನವರು ಐದು ಹಾಕಬಹುದು. ಬೇರೆ ಗುಣಗಳಲ್ಲಿ ಸ್ವಂತ ವರದಿ ಅಷ್ಟಿಷ್ಟು ತಪ್ಪುತ್ತದೆ. ಇಲ್ಲಿ ಅದು ಉಲ್ಟಾ ಆಗುವ ಅಪಾಯವೇ ಇದೆ.

ಹಾಗಾಗಿ ಸ್ಕೇಲುಗಳನ್ನು ಎರಡು ರಾಶಿ ಮಾಡಿಕೊಳ್ಳಿ. ತನ್ನ ಬಗ್ಗೆ ತಾನೇ ಹೇಳುವವು ಒಂದು ಕಡೆ. ಕ್ರುಮ್ರೈ-ಮನ್ಕೂಸೊ ಮತ್ತು ರೌಸ್ 2016ರಲ್ಲಿ ಮಾಡಿದ್ದು 22 ಹೇಳಿಕೆಗಳದು, ಬೌದ್ಧಿಕ ವಿನಯದ್ದು. ಅದರಲ್ಲಿ ನಾಲ್ಕು ಭಾಗ: ವಿಚಾರವನ್ನೂ ಅಹಮ್ಮನ್ನೂ ಬೇರೆ ಇಡುವುದು, ಅಭಿಪ್ರಾಯ ತಿದ್ದಿಕೊಳ್ಳುವ ಮನಸ್ಸು, ಬೇರೆಯವರ ಅಭಿಪ್ರಾಯಕ್ಕೆ ಗೌರವ, ತನ್ನ ಬುದ್ಧಿಯ ಬಗ್ಗೆ ಅತಿಯಾದ ಭರವಸೆ ಇಲ್ಲದಿರುವುದು. ಲಿಯರಿ ಮತ್ತು ಜೊತೆಗಾರರ 2017ರದ್ದು 6 ಹೇಳಿಕೆಗಳ ಚಿಕ್ಕ ಸ್ಕೇಲ್. ಇವೆರಡೂ ಕಾಲೇಜು ವಿದ್ಯಾರ್ಥಿಗಳಿಗೆ, ಶಿಕ್ಷಕರಿಗೆ ಹೊಂದುತ್ತವೆ. ಸಂಘದ ಹೆಣ್ಣುಮಕ್ಕಳಿಗೆ ‘ನನ್ನ ದೃಷ್ಟಿಕೋನ’ದಂಥ ಮಾತು ಗಾಳಿಯಲ್ಲಿ ಹೋಗುತ್ತದೆ.

ಇನ್ನೊಬ್ಬರ ಬಗ್ಗೆ ಹೇಳುವವು ಮತ್ತೊಂದು ಕಡೆ. ಡೇವಿಸ್, ವರ್ದಿಂಗ್ಟನ್, ಹುಕ್ ಮೊದಲಾದವರ 2011ರ ಸ್ಕೇಲಿನಲ್ಲಿ 16 ಹೇಳಿಕೆ. ಓವೆನ್ಸ್, ಜಾನ್ಸನ್, ಮಿಚೆಲ್ ಅವರ 2013ರದ್ದರಲ್ಲಿ 9. ಎರಡನೆಯದು ಕೆಲಸದ ಜಾಗಕ್ಕೆ ಮಾಡಿದ್ದು, ಮೂರು ಕಾಲಿನ ಮೇಲೆ ನಿಂತಿದೆ: ತನ್ನ ತಪ್ಪು–ಮಿತಿಗಳನ್ನು ಇದ್ದ ಹಾಗೆ ಕಾಣುವುದು, ಬೇರೆಯವರ ಗುಣ ಮತ್ತು ದುಡಿಮೆ ಗುರುತಿಸಿ ಹೇಳುವುದು, ಯಾರಿಂದಲಾದರೂ ಕಲಿಯಲು ತಯಾರಿರುವುದು. ಮೂರೂ ಕಣ್ಣಿಗೆ ಕಾಣುವ ನಡತೆಗಳು. ನಿಮ್ಮ ಅಧ್ಯಯನಕ್ಕೆ ಇದನ್ನೇ ಬೆನ್ನೆಲುಬು ಮಾಡಿಕೊಳ್ಳಿ ಎಂಬುದು ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ. ವ್ಯಕ್ತಿತ್ವವನ್ನು ಆರು ಅಂಶಗಳಲ್ಲಿ ಅಳೆಯುವ ಹೆಕ್ಸಾಕೊ ಪ್ರಶ್ನಾವಳಿಯ ‘ಪ್ರಾಮಾಣಿಕತೆ–ವಿನಯ’ ಅಂಶವನ್ನು ಬಳಸಿ ‘ವಿನಯ ಅಳೆದೆವು’ ಎಂದು ಬರೆಯುವ ಪ್ರಬಂಧಗಳು ಬಹಳ. 60 ಹೇಳಿಕೆಗಳ ಆವೃತ್ತಿಯಲ್ಲಿ ಈ ಅಂಶಕ್ಕೆ 10 ಹೇಳಿಕೆ, ನಾಲ್ಕು ಉಪಭಾಗ: ನಿಷ್ಕಪಟತೆ, ನ್ಯಾಯವಂತಿಕೆ, ದುರಾಸೆ ಇಲ್ಲದಿರುವುದು, ಆಡಂಬರವಿಲ್ಲದಿರುವುದು. ನಾಲ್ಕನೆಯದೊಂದೇ ವಿನಯದ ಹತ್ತಿರ ಬರುತ್ತದೆ. ಲಂಚ ಮುಟ್ಟದ, ಆದರೆ ಯಾರ ಮಾತೂ ಕೇಳದ ಮನುಷ್ಯನಿಗೆ ಇದರಲ್ಲಿ ಒಳ್ಳೆಯ ಅಂಕವೇ ಬರುತ್ತದೆ.

ಅಂದಹಾಗೆ, ಆ ಅಂಶ ಹುಟ್ಟಿದ್ದೇ ನಿಘಂಟುಗಳಿಂದ. ಡಚ್, ಫ್ರೆಂಚ್, ಕೊರಿಯನ್ ಮೊದಲಾದ ಭಾಷೆಗಳಲ್ಲಿ ಮನುಷ್ಯಸ್ವಭಾವ ಹೇಳುವ ಪದಗಳನ್ನು ಆರಿಸಿ, ಯಾವವು ಒಟ್ಟಿಗೆ ಗುಂಪಾಗುತ್ತವೆ ಎಂದು ನೋಡಿದಾಗ ಅದು ಎದ್ದು ಬಂತು. ಸೊಕ್ಕು, ಹಮ್ಮು, ಬಿಂಕ, ಜಂಭ, ಧಿಮಾಕು, ಮಿಜಾಜು, ದೊಡ್ಡಸ್ತಿಕೆ: ಕನ್ನಡದಲ್ಲಿ ಅಹಂಕಾರಕ್ಕಿರುವ ಪದಗಳ ರಾಶಿಯನ್ನೇ ಹಿಡಿದು ಹಾಗೆ ಕೆಲಸ ಮಾಡಿದರೆ ಒಂದು ಇಡೀ ವೃತ್ತಿಜೀವನಕ್ಕಾಗುವಷ್ಟು ಸರಕಿದೆ.

ಘಟಪ್ರಭಾ_ಕಾಲುವೆ

ಅನುವಾದದ ಬಗ್ಗೆ. ಒಬ್ಬರೇ ಕೂತು ಒಂದು ರಾತ್ರಿಯಲ್ಲಿ ಮಾಡಿದ ಅನುವಾದವನ್ನು ವೈವಾದಲ್ಲಿ (ಪಿಎಚ್‌ಡಿಯ ಮೌಖಿಕ ಪರೀಕ್ಷೆಯಲ್ಲಿ) ಹಿಡಿದುಬಿಡುತ್ತಾರೆ, ಹಿಡಿಯಲೇಬೇಕು. ಮೊದಲು ಸ್ಕೇಲ್ ಮಾಡಿದವರಿಗೆ ಮೇಲ್ ಬರೆದು ಒಪ್ಪಿಗೆ ಪಡೆಯಿರಿ. ಆ ಪತ್ರ ಪ್ರಬಂಧದ ಅನುಬಂಧಕ್ಕೆ ಹೋಗುತ್ತದೆ. ಆಮೇಲೆ ಇಬ್ಬರು ಬೇರೆಬೇರೆಯಾಗಿ ಕನ್ನಡಕ್ಕೆ ತರಲಿ. ಒಬ್ಬರಿಗೆ ಸೈಕಾಲಜಿ ಗೊತ್ತಿರಲಿ, ಇನ್ನೊಬ್ಬರಿಗೆ ಗೊತ್ತಿರುವುದೇ ಬೇಡ. ಎರಡನ್ನೂ ಎದುರಿಗಿಟ್ಟು ಒಂದು ಮಾಡಿ. ಮೂಲವನ್ನು ನೋಡದ ಮತ್ತಿಬ್ಬರು ಅದನ್ನು ಇಂಗ್ಲಿಷಿಗೆ ತಿರುಗಿಸಲಿ. ಬ್ರಿಸ್ಲಿನ್ 1970ರಲ್ಲಿ ಹೇಳಿದ ಈ ದಾರಿಯೇ ಈಗಲೂ ರೂಢಿಯಲ್ಲಿದೆ. ನಂತರ 6ರಿಂದ 10 ಪರಿಣತರು ಪ್ರತಿ ಹೇಳಿಕೆಯ ಸೂಕ್ತತೆಗೆ 1ರಿಂದ 4ರವರೆಗೆ ಅಂಕ ಕೊಡಬೇಕು. ಎಂಟು ಜನರಲ್ಲಿ ಏಳು ಜನ 3 ಅಥವಾ 4 ಕೊಟ್ಟರೆ ಆ ಹೇಳಿಕೆಯ ಸೂಚ್ಯಂಕ 0.875. 0.78ಕ್ಕಿಂತ ಕೆಳಗಿದ್ದರೆ ತಿದ್ದಿ ಅಥವಾ ಕೈಬಿಡಿ.

ಇಷ್ಟು ಎಲ್ಲರೂ ಮಾಡುತ್ತಾರೆ. ಬಿಡುವುದು ಮುಂದಿನ ಹೆಜ್ಜೆಯನ್ನು, ಅದೇ ಮುಖ್ಯ. ಸಂಘದ 10–15 ಹೆಣ್ಣುಮಕ್ಕಳ ಮುಂದೆ ಒಂದೊಂದೇ ಹೇಳಿಕೆ ಓದಿ, ‘ಇದನ್ನ ಕೇಳಿದ ಕೂಡಲೇ ನಿಮಗ ಏನು ನೆನಪಾತು?’ ಎಂದು ಕೇಳಬೇಕು. ಅವರು ಕೊಡುವ ಅಂಕ ಬೇಡ, ಅರ್ಥ ಬೇಕು. ತಿರುಗು ಅನುವಾದದಲ್ಲಿ ಸಿಕ್ಕಿಬೀಳದ ತಪ್ಪುಗಳು ಇಲ್ಲಿ ಸಿಕ್ಕಿಬೀಳುತ್ತವೆ.

ಒಂದು ಉದಾಹರಣೆ. ಬೌದ್ಧಿಕ ವಿನಯದ ಸ್ಕೇಲಿನಲ್ಲಿ, ತನ್ನ ಮನಸ್ಸಿಗೆ ಹತ್ತಿರವಾದ ವಿಷಯದಲ್ಲಿ ಬೇರೆಯವರು ಒಪ್ಪದಿದ್ದರೆ ತಾನು ಸಣ್ಣದಾದಂತೆ ಅನಿಸುತ್ತದೆ ಎಂಬ ಅರ್ಥದ ಹೇಳಿಕೆ ಇದೆ. ಅದನ್ನು ‘ನಾನು ಸಣ್ಣಾಕಿ ಅನಿಸತೈತಿ’ ಎಂದು ಮಾಡಿದರೆ, ನಮ್ಮಲ್ಲಿ ಸಣ್ಣಾಕಿ ಅಂದರೆ ವಯಸ್ಸಿನಲ್ಲಿ ಚಿಕ್ಕವಳು. ಸೊಸೆಯಂದಿರೆಲ್ಲ ‘ಹೌದ್ರಿ, ನಾ ಸಣ್ಣಾಕೀನ ಅದೀನಿ’ ಅನ್ನುತ್ತಾರೆ. ‘ಸಣ್ಣತನ’ ಅಂದರೆ ಮತ್ತೊಂದೇ ಅರ್ಥ. ಅಲ್ಲಿ ಬರಬೇಕಾದ ಮಾತು ‘ಅವಮಾನ ಆದಂಗ ಆಗತೈತಿ’. ಇಂಗ್ಲಿಷಿಗೆ ತಿರುಗಿಸಿದವರು ಮಾತ್ರ ‘ಸಣ್ಣಾಕಿ’ಯನ್ನು ಮೂಲದ ಪದಕ್ಕೇ ಸರಿಯಾಗಿ ತಂದುಬಿಡುತ್ತಾರೆ. ಕಾಗದದ ಮೇಲೆ ಎಲ್ಲ ಚೊಕ್ಕ ಕಾಣುತ್ತದೆ.

ನಕಾರದ ಹೇಳಿಕೆಗಳು ಇನ್ನೊಂದು ಕಾಟ. ‘ಯಾರಾದರೂ ತಪ್ಪು ತೋರಿಸಿದರೆ ಆಕೆಗೆ ಸಿಟ್ಟು ಬರುವುದಿಲ್ಲ’ ಎಂದು ಓದಿ, ಉತ್ತರದಲ್ಲಿ ‘ಒಪ್ಪುವುದಿಲ್ಲ’ ಇಟ್ಟರೆ, ‘ಇಲ್ಲ’ ಎಂದವರು ಸಿಟ್ಟು ಬರುವುದಿಲ್ಲ ಅಂದರೋ, ಹೇಳಿಕೆಯನ್ನು ಒಪ್ಪಲಿಲ್ಲವೋ? ಕನ್ನಡದಲ್ಲಿ ಕ್ರಿಯಾಪದದ ಕೊನೆಗೆ ‘ಇಲ್ಲ’ ಬರುವುದರಿಂದ ಕಿವಿಗೆ ಕೇಳಿ ಉತ್ತರಿಸುವವರಿಗೆ ಗೊಂದಲ ಖಚಿತ. ಅಂಥವನ್ನು ‘ತಪ್ಪು ತೋರಿಸಿದರೆ ಸಿಟ್ಟಾಗತಾಳ’ ಎಂದು ತಿರುಗಿಸಿ, ಅಂಕವನ್ನು ಆಮೇಲೆ ಉಲ್ಟಾ ಮಾಡಿಕೊಳ್ಳಿ.

ಇನ್ನು ತಿರುಳಿನ ಮಾತು. ಯಾವ ಹೇಳಿಕೆಯಲ್ಲೂ ‘ವಿನಯ’, ‘ನಮ್ರತೆ’ ಎಂಬ ಪದ ಬರಬಾರದು. ‘ತಗ್ಗಿ ಬಗ್ಗಿ ನಡೀತಾಳ’ ಅನ್ನುವುದಂತೂ ಬೇಡವೇ ಬೇಡ. ಸೊಸೆಯ ವಿಷಯದಲ್ಲಿ ತಗ್ಗಿ ನಡೆಯುವುದು ಅಂದರೆ ಹೇಳಿದಂತೆ ಕೇಳುವುದು. ಅದು ಅಧಿಕಾರದ ಲೆಕ್ಕ, ಗುಣದ್ದಲ್ಲ. ಭಿಡೆ, ದಾಕ್ಷಿಣ್ಯ, ಕೀಳರಿಮೆ, ಅಂಜಿಕೆ ಇವೆಲ್ಲ ಹೊರಗಿನಿಂದ ನೋಡಿದರೆ ವಿನಯದ ಹಾಗೇ ಕಾಣುತ್ತವೆ. ಬೇರ್ಪಡಿಸುವ ಉಪಾಯ ಒಂದೇ: ಯಾರ ಎದುರಿಗೆ ಎಂಬುದನ್ನು ಹೇಳಿಕೆಯೊಳಗೇ ಬರೆಯುವುದು. ‘ತಪ್ಪು ಒಪ್ಪಿಕೊಳ್ಳತಾಳ’ ಬೇಡ. ‘ತನಗಿಂತ ಸಣ್ಣವರು ಲೆಕ್ಕದಾಗ ತಪ್ಪು ತೋರಿಸಿದ್ರ ಒಪ್ಪಿಕೊಳ್ಳತಾಳ’ ಬೇಕು. ‘ಬೇರೆಯವರಿಂದ ಕಲಿಯತಾಳ’ ಬೇಡ. ‘ಸಾಲಿ ಕಲಿಯದವರು ಹೇಳಿದ್ರೂ ಕೇಳಿ ಕಲಿಯತಾಳ’ ಬೇಕು. ದೊಡ್ಡವರ ಎದುರು ಬಾಗುವುದಕ್ಕೆ ಅಂಜಿಕೆಯೊಂದೇ ಸಾಕು. ತನಗಿಂತ ಕೆಳಗಿದ್ದಾರೆ ಎಂದು ಊರು ತಿಳಿದಿರುವವರ ಎದುರು ಬಾಗಲು ವಿನಯವೇ ಬೇಕು. ಇದರ ಜೊತೆಗೆ ಭಿಡೆಯನ್ನು ಅಳೆಯುವ ನಾಲ್ಕೈದು ಹೇಳಿಕೆಗಳನ್ನೂ ಸೇರಿಸಿ, ಎರಡೂ ಬೇರೆಬೇರೆ ಅಂಶಗಳಾಗಿ ನಿಲ್ಲುತ್ತವೆಯೇ ಎಂದು ಪರೀಕ್ಷಿಸಬೇಕು.

ಇನ್ನೊಂದು. ನಮ್ಮದು ಬಸವನಬಾಗೇವಾಡಿ–ಕೂಡಲಸಂಗಮದ ಸೀಮೆ. ತನ್ನನ್ನು ಎಲ್ಲರಿಗಿಂತ ಕಿರಿಯನೆಂದು ಹೇಳಿಕೊಳ್ಳುವ ಕಿಂಕರಭಾವ ಇಲ್ಲಿ ಮಾತಿನ ರೀತಿಯಾಗಿಯೇ ಉಳಿದಿದೆ. ‘ನಂದೇನೈತ್ರಿ, ಎಲ್ಲಾ ನಿಮ್ಮ ಆಶೀರ್ವಾದ’ ಎಂದು ಸಾವಕಾರನೂ ಅನ್ನುತ್ತಾನೆ, ಕೂಲಿಯವನೂ ಅನ್ನುತ್ತಾನೆ. ‘ತನ್ನ ಹೆಚ್ಚುಗಾರಿಕೆ ತಾನೇ ಹೇಳಿಕೊಳ್ಳುವುದಿಲ್ಲ’ ಎಂಬ ಹೇಳಿಕೆಗೆ ಹಾಗಾಗಿ ಎಲ್ಲರಿಗೂ ಐದು ಬೀಳುತ್ತದೆ. ಎಲ್ಲರಿಗೂ ಐದು ಬಿದ್ದ ಹೇಳಿಕೆಯಿಂದ ಏನೂ ತಿಳಿಯುವುದಿಲ್ಲ, ಎಷ್ಟು ಚೆಂದ ಇದ್ದರೂ ತೆಗೆಯಿರಿ.

ಬೇವಿನಗಿಡ_ಕಟ್ಟಿ

ಅಳತಿ ಬಗ್ಗೆ ಮ್ಯಾಲಿನವರು ಬರದದ್ದು ಖರೇ ಐತ್ರಿ. ಆದ್ರ ಸಂಘದಾಗ ಕುಂತು ಅಂಕಿ ಬರಕೊಳ್ಳೂದು ಬ್ಯಾರೇನ ಕೆಲಸ. ಅದರ ಬಗ್ಗೆ ಹೇಳ್ತೀನಿ ಮೇಡಂ.

ಸಂಘದಾಗ 10ರಿಂದ 20 ಮಂದಿ ಇರ್ತಾರ, ವಾರಕ್ಕೊಮ್ಮಿ ಕೂಡ್ತಾರ. ಸಾಲ ಯಾರು ಮೊದಲ ಕೇಳ್ತಾರ, ಯಾರು ‘ನಿಂದು ಅವಸರ ಐತಿ, ನೀ ತಗೋ’ ಅಂತಾರ, ಲೆಕ್ಕ ತಪ್ಪಿದಾಗ ಯಾರು ಒಪ್ಪಕೊಂತಾರ, ಯಾರು ಇನ್ನೊಬ್ಬರ ಮ್ಯಾಲ ಹಾಕ್ತಾರ, ಎಲ್ಲಾ ಎಲ್ಲಾರ ಕಣ್ಣಮುಂದ ನಡದದ್ದು. ಒಬ್ಬರ ಬಗ್ಗೆ ಇನ್ನೊಬ್ಬರನ್ನ ಕೇಳೂ ಅಭ್ಯಾಸಕ್ಕ ಇದಕ್ಕಿಂತ ಚೊಲೋ ಜಾಗ ಸಿಗೂದಿಲ್ಲ. ಅದ ಕಾರಣಕ್ಕ ಧೋಕಾನೂ ಭಾಳ ಐತಿ. ಒಬ್ಬಾಕಿ ಇನ್ನೊಬ್ಬಾಕಿಗೆ ಕಡಿಮಿ ಅಂಕ ಕೊಟ್ಟದ್ದು ಹೊರಗ ಬಿತ್ತಂದ್ರ ಸಂಘ ಒಡೀತೈತಿ.

ಅದಕ್ಕ ಮೀಟಿಂಗನ್ಯಾಗ ಎಂದೂ ಕೇಳಬ್ಯಾಡ್ರಿ. ಒಬ್ಬೊಬ್ಬರನ್ನ ಬ್ಯಾರೆ ಕರದು ಕೇಳ್ರಿ, ಹೆಣ್ಣಮಕ್ಕಳ ಕೇಳಲಿ. ಸಂಘದ ಅಧ್ಯಕ್ಷಿಣಿ, ಅತ್ತಿ, ಗಂಡ ಯಾರೂ ಹತ್ತರ ಇರಬಾರದು. ಅತ್ತಿ ಬಾಗಲದಾಗ ನಿಂತ್ರ ಸೊಸಿ ಉತ್ತರ ಬದಲಾಗತೈತಿ. ಹಾಳಿ ಮ್ಯಾಲ ಹೆಸರ ಬರೀಬ್ಯಾಡ್ರಿ, ನಂಬರ್ ಅಷ್ಟ. ಹೆಸರು–ನಂಬರಿನ ಪಟ್ಟಿ ಬ್ಯಾರೆ ವಹಿದಾಗ, ಕೀಲಿ ಹಾಕಿ ಇಡ್ರಿ, ಊರಿಗೆ ತರಬ್ಯಾಡ್ರಿ. ಬ್ಯಾಂಕಿನವರ ಇಲ್ಲಾ ಇಲಾಖೆಯವರ ಜೋಡಿ ಜೀಪಿನ್ಯಾಗ ಹೋಗಿ ಇಳದ್ರೆಂದ್ರ ಕೆಲಸ ಕೆಟ್ಟಂಗ. ಇದು ಸಾಲದ ಚೌಕಾಶಿ ಅಂತ ತಿಳದು ಎಲ್ಲಾರಿಗೂ ಪೂರಾ ಅಂಕ ಕೊಡ್ತಾರ. ಸಾಲ ಮಂಜೂರ ಆಗೂ ವಾರಾನೂ ಬಿಡ್ರಿ.

ಓದಾಕ ಬರದವರಿಗೆ 1ರಿಂದ 5 ಅಂದ್ರ ತಿಳಿಯೂದಿಲ್ಲ. ರಟ್ಟಿನ ಮ್ಯಾಲ ಐದು ನೀರಿನ ಲೋಟದ ಚಿತ್ರ ತಗಸ್ರಿ: ಖಾಲಿ, ಕಾಲು, ಅರ್ಧ, ಮುಕ್ಕಾಲು, ತುಂಬಿದ್ದು. ಬಾಯಿಲೆ ಹೇಳಸಬ್ಯಾಡ್ರಿ, ಬಳ್ಳ ಇಟ್ಟು ತೋರಸಲಿ. ಗ್ವಾಡಿ ಆಚೆ ಇದ್ದವರಿಗೆ ಕೇಳಬಾರದು. ಶುರು ಮಾಡೂಕ್ಕಿಂತ ಮೊದಲ ಎರಡು ಆಟದ ಪ್ರಶ್ನೆ ಕೇಳ್ರಿ: ‘ಬಿಸಿ ರೊಟ್ಟಿ ಜೋಡಿ ಶೇಂಗಾ ಹಿಂಡಿ ಎಷ್ಟ ಸೇರತೈತಿ?’, ‘ವಾರ ಪೂರ್ತಿ ರೊಟ್ಟಿ ಬಿಟ್ಟು ಬರೇ ಅನ್ನ ಉಂಡ್ರ ಎಷ್ಟ ಸೇರತೈತಿ?’ ಒಂದಕ್ಕ ತುಂಬಿದ ಲೋಟ, ಇನ್ನೊಂದಕ್ಕ ಖಾಲಿ ಲೋಟ ತೋರಿಸಿದ್ರ ಚಿತ್ರ ತಿಳದೈತಿ ಅಂತ ಅರ್ಥ. ಎರಡಕ್ಕೂ ನಡುವಿನ ಲೋಟಾನ ತೋರಿಸಿದ್ರ ಮತ್ತೊಮ್ಮಿ ತಿಳಿಸಿ ಹೇಳಿ ಮುಂದ ಹೋಗ್ರಿ.

ಲೆಕ್ಕಾನೂ ಹಾಕ್ರಿ. 12 ಮಂದಿ ಸಂಘದಾಗ ಒಬ್ಬಾಕಿ ಉಳದ 11 ಮಂದಿ ಬಗ್ಗೆ 9 ಮಾತು ಹೇಳಬೇಕಂದ್ರ 99 ಉತ್ತರ ಆದೂವು. ಅರ್ಧಕ್ಕ ಬರೂದ್ರಾಗ ಬ್ಯಾಸರಾಗಿ ಎಲ್ಲಾರಿಗೂ ಒಂದ ಲೋಟ ತೋರಸ್ತಾರ. ಚೀಟಿ ಎತ್ತಿ ಒಬ್ಬೊಬ್ಬರಿಗೆ ನಾಕ ಮಂದೀನ ಹಂಚ್ರಿ, 36 ಉತ್ತರಕ್ಕ ಮುಗೀತೈತಿ. ಪ್ರತಿಯೊಬ್ಬಾಕಿ ಬಗ್ಗೆನೂ ನಾಕ ಮಂದಿ ಹೇಳಿದಂಗ ಹೊಂದಸ್ರಿ. ಅಕ್ಕ–ತಂಗಿ, ಅತ್ತಿ–ಸೊಸಿ ಒಂದ ಸಂಘದಾಗ ಇದ್ರ ಆ ಜೋಡಿ ಬರಕೊಂಡ ಇಡ್ರಿ, ಮುಂದ ಲೆಕ್ಕದಾಗ ಬೇಕಾಗತೈತಿ.

ಸಹಿ ಬರದವರ ಹೆಬ್ಬಟ್ಟು ತಗೋಬೇಕಾದ್ರ ಸಂಬಂಧ ಇಲ್ಲದ ಸಾಕ್ಷಿ ಒಬ್ಬರು ಬೇಕು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು) 2017ರ ಮಾರ್ಗಸೂಚಿ ಓದಿ, ಮಂದಿ ಮ್ಯಾಲ ಮಾಡೂ ಸಂಶೋಧನಾಕ್ಕ ಒಪ್ಪಿಗಿ ಕೊಡೂ ಎಥಿಕ್ಸ್ ಕಮಿಟಿಗೆ ಅರ್ಜಿ ಬರೀರಿ. ಕಮಿಟಿ ಒಪ್ಪಿಗಿ ಬರೂಮಟಾ ಒಂದ ಹಾಳೀನೂ ತುಂಬಸಬಾರದು.

ಇಂಡಿ_ರೋಡ್

ಎಲ್ಲರಿಗೂ ತುಂಬ ಧನ್ಯವಾದ. ಸ್ವಂತ ವರದಿಯ ಯೋಚನೆ ಬಿಟ್ಟೆ, ಸಂಘದ ಜೊತೆಗಾರರಿಂದಲೇ ಅಂಕ ತೆಗೆದುಕೊಳ್ಳುತ್ತೇನೆ. ಹಾಗಾದರೆ ಇನ್ನೆರಡು ಸಂದೇಹ. ನೆಮ್ಮದಿಗೆ ಯಾವ ಸ್ಕೇಲ್? 300 ಜನ ಸಾಕಾಗುತ್ತಾರೆಯೇ? ಗೈಡ್ ಆಗಬಹುದಾದವರೊಬ್ಬರು ‘300 ಧಾರಾಳ ಆಯ್ತು’ ಎಂದಿದ್ದಾರೆ.

ಅಂಕಿ_ಅಂಶ_ಜಮಖಂಡಿ

ಸಾಲುವುದಿಲ್ಲ. ಯಾಕೆಂದು ಹೇಳುತ್ತೇನೆ.

ವಿನಯಕ್ಕೂ ನೆಮ್ಮದಿಗೂ ಇರಬಹುದಾದ ಸಂಬಂಧ ದೊಡ್ಡದಲ್ಲ ಎಂದು ಮೊದಲೇ ಇಟ್ಟುಕೊಳ್ಳಿ. ನಿಜವಾದ ಸಹಸಂಬಂಧ 0.20 ಇದ್ದರೆ, ಅದನ್ನು 80 ಪ್ರತಿಶತ ಖಾತ್ರಿಯಿಂದ ಹಿಡಿಯಲು ಬೇಕಾದವರು ಸುಮಾರು 194 ಜನ. ಆದರೆ ಈ ಲೆಕ್ಕ ಒಬ್ಬರಿಗೊಬ್ಬರಿಗೆ ಸಂಬಂಧವಿಲ್ಲದ ಜನರದ್ದು. ನಿಮ್ಮವರು ಸಂಘ ಸಂಘವಾಗಿ ಬರುತ್ತಾರೆ. ಒಂದೇ ಓಣಿ, ಒಂದೇ ಸಾಲದ ಚಿಂತೆ, ಅಂಕಗಳೂ ಒಂದರ ಹಾಗೊಂದು. ಸಂಘದೊಳಗಿನ ಹೋಲಿಕೆ 0.10 ಎಂದಿಟ್ಟುಕೊಂಡರೆ, 12 ಜನರ ಸಂಘಕ್ಕೆ ಗುಣಕ 1 + 11 × 0.10 = 2.1. ನಿಮ್ಮ 300 ಜನರ ಬೆಲೆ 300 ÷ 2.1, ಅಂದರೆ 143 ಜನರಷ್ಟೇ. ತಿರುಗಿಸಿ ನೋಡಿದರೆ 194 × 2.1 = 407. 12 ಜನರ 34 ಸಂಘ ಹಿಡಿದರೆ 408 ಆಗುತ್ತದೆ. ಇದು ಸ್ಥೂಲ ಲೆಕ್ಕ. ಪೈಲಟ್‌ನಲ್ಲಿ (ಮೊದಲ ಸಣ್ಣ ಪ್ರಯೋಗದಲ್ಲಿ) ಹೋಲಿಕೆ ಎಷ್ಟು ಬರುತ್ತದೆ ನೋಡಿ ಮತ್ತೆ ಹಾಕಿ. ಬಿಟ್ಟುಹೋಗುವವರಿಗೆಂದು ಐದಾರು ಸಂಘ ಹೆಚ್ಚಿಗೆ ಇರಲಿ.

ನೆಮ್ಮದಿಗೆ ಎರಡು ಸ್ಕೇಲ್ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಡಬ್ಲ್ಯುಎಚ್‌ಒ-5: ಐದು ಹೇಳಿಕೆ, ಕಳೆದ ಎರಡು ವಾರದ ಬಗ್ಗೆ, ಪ್ರತಿಯೊಂದಕ್ಕೂ 0–5, ಮೊತ್ತವನ್ನು 4ರಿಂದ ಗುಣಿಸಿದರೆ 0–100. ಇದಕ್ಕೆ ಆರು ಲೋಟ ಬೇಕಾಗುತ್ತದೆ, ಐದು ಲೋಟದ ರಟ್ಟು ನಡೆಯುವುದಿಲ್ಲ. ಡೀನರ್ ಮತ್ತು ಸಂಗಡಿಗರ 1985ರ ಬದುಕಿನ ತೃಪ್ತಿ ಸ್ಕೇಲ್: ಐದು ಹೇಳಿಕೆ, 1–7, ಮೊತ್ತ 5ರಿಂದ 35. ಮೊದಲನೆಯದು ಸದ್ಯದ ಮನಸ್ಥಿತಿ ಹೇಳುತ್ತದೆ, ಎರಡನೆಯದು ಒಟ್ಟು ಬದುಕಿನ ತೀರ್ಪು. ಎರಡನ್ನೂ ಕೂಡಿಸಿ ಒಂದು ಅಂಕ ಮಾಡಬೇಡಿ.

ಡಬ್ಲ್ಯುಎಚ್‌ಒ-5ರಲ್ಲಿ 50 ಅಥವಾ ಅದಕ್ಕಿಂತ ಕಡಿಮೆ ಬಂದವರನ್ನು ಸುಮ್ಮನೆ ಬಿಟ್ಟು ಬರುವಂತಿಲ್ಲ. ಮುಂದೇನು ಮಾಡುತ್ತೀರಿ ಎಂದು ಎಥಿಕ್ಸ್ ಅರ್ಜಿಯಲ್ಲೇ ಬರೆಯಿರಿ: ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಬರೆದ ಚೀಟಿ, ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದ ದಿನ–ವೇಳೆ, ಹೆಚ್ಚಿನದಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಚೀಟಿಯನ್ನು ಎಲ್ಲರಿಗೂ ಕೊಡಿ. ಕಡಿಮೆ ಅಂಕದವರಿಗಷ್ಟೇ ಕೊಟ್ಟರೆ ಓಣಿಯಲ್ಲಿ ಗೊತ್ತಾಗುತ್ತದೆ.

ವಿನಯವನ್ನು ಜೊತೆಗಾರರಿಂದ, ನೆಮ್ಮದಿಯನ್ನು ಆಕೆಯಿಂದಲೇ ತೆಗೆದುಕೊಳ್ಳುವುದರಲ್ಲಿ ಇನ್ನೊಂದು ಲಾಭ ಇದೆ. ಎರಡನ್ನೂ ಒಬ್ಬಳೇ ತುಂಬಿದರೆ ಎಲ್ಲದಕ್ಕೂ ‘ಹೌದು’ ಅನ್ನುವವಳಿಗೆ ಎರಡೂ ಅಂಕ ಏರಿ, ಇಲ್ಲದ ಸಂಬಂಧವೂ ಇದ್ದಂತೆ ತೋರುತ್ತದೆ. ಬೇರೆಬೇರೆ ಬಾಯಿಂದ ಬಂದರೆ ಆ ಹುಸಿ ಏರಿಕೆ ಇಲ್ಲ. ಸಹಸಂಬಂಧ ಕಡಿಮೆ ಬರುತ್ತದೆ, ನೋಡಿ ಗಾಬರಿಯಾಗಬೇಡಿ. ಆ ಸಣ್ಣ ಅಂಕಿ ನಂಬಿಕೆಗೆ ಅರ್ಹ.

ಸ್ಕೇಲಿನ ರಚನೆ ಪರೀಕ್ಷಿಸುವಾಗ ಪರಿಶೋಧಕ ಮತ್ತು ದೃಢೀಕರಣ ಫ್ಯಾಕ್ಟರ್ ಅನಾಲಿಸಿಸ್ (ಯಾವ ಹೇಳಿಕೆಗಳು ಒಟ್ಟಿಗೆ ಗುಂಪಾಗುತ್ತವೆ ಎಂದು ಹುಡುಕುವುದು, ಆ ಗುಂಪು ನಿಲ್ಲುತ್ತದೆಯೇ ಎಂದು ಪರೀಕ್ಷಿಸುವುದು) ಎರಡನ್ನೂ ಒಂದೇ ಜನರ ಮೇಲೆ ಮಾಡಬೇಡಿ. ಬೇರೆ ಗುಂಪು ಬೇಕು, ಇಲ್ಲವೇ ಸಂಘಗಳನ್ನು ಎರಡು ಪಾಲು ಮಾಡಿ. ಮಾದರಿ ಬಂದ ಉತ್ತರಗಳಿಗೆ ಎಷ್ಟು ಹೊಂದುತ್ತದೆ ಎಂದು ಹೇಳುವ ಸೂಚ್ಯಂಕಗಳಲ್ಲಿ ಸಿಎಫ್‌ಐ 0.95ರ ಸುತ್ತ ಅಥವಾ ಮೇಲೆ, ಆರ್‌ಎಂಎಸ್‌ಇಎ 0.06ರ ಸುತ್ತ ಅಥವಾ ಕೆಳಗೆ, ಎಸ್‌ಆರ್‌ಎಂಆರ್ 0.08ರೊಳಗೆ ಎಂಬುದು ಹೂ ಮತ್ತು ಬೆಂಟ್ಲರ್ 1999ರಲ್ಲಿ ಕೊಟ್ಟ ಗಡಿ. ಅಂಕಿ ಸರಿಬರಲಿಲ್ಲವೆಂದು ಸಾಫ್ಟ್‌ವೇರ್ ಹೇಳಿದಂತೆಲ್ಲ ಮಾದರಿಯಲ್ಲಿ ಹೇಳಿಕೆಗಳ ನಡುವೆ ಹೊಸ ಸಂಬಂಧದ ಗೆರೆ ಎಳೆದು ಸರಿಪಡಿಸುವುದು ದೊಡ್ಡ ತಪ್ಪು. ಹಾಗೆ ಕೂರಿಸಿದ ಮಾದರಿ ಮುಂದಿನ ಊರಿನಲ್ಲಿ ಕುಸಿಯುತ್ತದೆ. ಲೆಕ್ಕಕ್ಕೆ ‘ಆರ್’ ಎಂಬ ಸಾಫ್ಟ್‌ವೇರ್ ಮತ್ತು ಅದರ ‘ಲಾವಾನ್’ ಪ್ಯಾಕೇಜು ಉಚಿತ, ಮೌಸಿನಲ್ಲೇ ಮಾಡಬೇಕೆನ್ನುವವರಿಗೆ ‘ಜಾಸ್ಪ್’, ‘ಜಮೋವಿ’ ಕೂಡ ಉಚಿತ. ಕಳ್ಳ ಪ್ರತಿಯ ಸಾಫ್ಟ್‌ವೇರಿನ ಗೊಡವೆ ಬೇಡ.

ಇಷ್ಟಾದರೂ ‘ವಿನಯದಿಂದ ನೆಮ್ಮದಿ’ ಎಂದು ಬರೆಯುವಂತಿಲ್ಲ. ನೆಮ್ಮದಿ ಇದ್ದವಳಿಗೆ ಬಿಟ್ಟುಕೊಡುವುದು ಸುಲಭ ಆಗಿರಬಹುದು. ಮನೆಯಲ್ಲಿ ನಾಲ್ಕು ಎಕರೆ ನೀರಾವರಿ ಇರುವುದೇ ಎರಡಕ್ಕೂ ಕಾರಣ ಆಗಿರಬಹುದು. ಜಮೀನು, ಸಾಲ, ವಯಸ್ಸು, ಓದು, ಸಂಘದಲ್ಲಿನ ಹುದ್ದೆ ಇವನ್ನು ಬರೆದುಕೊಳ್ಳಿ, ಒಂದು ಅಂತರ ಬಿಟ್ಟು ಎರಡನೇ ಸುತ್ತು ಮಾಡಿ. ಯಾವ ಊಹೆ ಪರೀಕ್ಷಿಸುತ್ತೀರಿ ಎಂಬುದನ್ನು ಕ್ಷೇತ್ರಕ್ಕೆ ಇಳಿಯುವ ಮೊದಲೇ ಸಂಶೋಧನಾ ಯೋಜನೆಗಳನ್ನು ದಾಖಲಿಸುವ ಜಾಲತಾಣ ಓಪನ್ ಸೈನ್ಸ್ ಫ್ರೇಮ್‌ವರ್ಕ್‌ನಲ್ಲಿ ನೋಂದಾಯಿಸಿ. ಅದಕ್ಕೂ ದುಡ್ಡಿಲ್ಲ.

ಕುಂದಾನಗರಿ

ಒಂದು ಮಾತು ಸೇರಿಸುತ್ತೇನೆ. ಮುಂದೆ ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆಗೆ ಬಂದರೆ ಮರಾಠಿ ಬೇಕು, ನಿಮ್ಮ ವಿಜಯಪುರ ಶಹರದಲ್ಲೇ ಉರ್ದು ಬೇಕಾಗುತ್ತದೆ. ಒಂದೇ ಅಧ್ಯಯನದಲ್ಲಿ ಎರಡು ಭಾಷೆ ಬೆರೆಸಿ ಸರಾಸರಿ ಹೋಲಿಸಬೇಡಿ. ಎರಡೂ ಆವೃತ್ತಿ ಒಂದೇ ರೀತಿ ಅಳೆಯುತ್ತವೆಯೇ ಎಂದು ಮೂರು ಹಂತದಲ್ಲಿ ತೋರಿಸಬೇಕು: ರಚನೆ ಒಂದೇ, ಹೇಳಿಕೆಗಳ ತೂಕ ಒಂದೇ, ಶುರುವಿನ ಮಟ್ಟ ಒಂದೇ. ಹಂತದಿಂದ ಹಂತಕ್ಕೆ ಸಿಎಫ್‌ಐ 0.01ಕ್ಕಿಂತ ಹೆಚ್ಚು ಇಳಿಯಬಾರದು. ಮೂರನೆಯದು ನಿಲ್ಲದಿದ್ದರೆ ‘ಕನ್ನಡದವರಿಗಿಂತ ಮರಾಠಿಯವರಲ್ಲಿ ಹೆಚ್ಚು’ ಎಂಬ ಮಾತಿಗೆ ಆಧಾರ ಇಲ್ಲ, ಮೇಲಾಗಿ ನಮ್ಮ ಊರಲ್ಲಿ ಅಂಥ ಮಾತು ಪೇಪರಿಗೆ ಹೋದರೆ ಆಗುವ ಅನಾಹುತವೇ ಬೇರೆ. ಪಿಎಚ್‌ಡಿಗೆ ಕನ್ನಡ ಒಂದೇ ಇರಲಿ.

ಮಲಪ್ರಭಾ_ತೀರ

ವೃತ್ತಿಯ ಬಗ್ಗೆ ಉಳಿದದ್ದು. ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆ ನೆಟ್ ಬರೆಯಿರಿ: ಮೊದಲ ಪತ್ರಿಕೆ 50 ಪ್ರಶ್ನೆ, 100 ಅಂಕ, ಎರಡನೆಯದು 100 ಪ್ರಶ್ನೆ, 200 ಅಂಕ, ಒಟ್ಟು ಮೂರು ತಾಸು, ತಪ್ಪಿಗೆ ಅಂಕ ಕಡಿತ ಇಲ್ಲ. 2024ರ ಜೂನ್‌ನಿಂದ ಅದರ ಅಂಕವೇ ಪಿಎಚ್‌ಡಿ ಪ್ರವೇಶಕ್ಕೂ ನಡೆಯುತ್ತದೆ. ಜೆಆರ್‌ಎಫ್ (ಅದೇ ಪರೀಕ್ಷೆಯಿಂದ ಸಿಗುವ ಸಂಶೋಧನಾ ಫೆಲೋಶಿಪ್) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. 34 ಸಂಘ ಸುತ್ತುವ ಖರ್ಚು ಇದರಿಂದಲೇ ನೀಗಬೇಕು, ಹಾಗಾಗಿ ಜೆಆರ್‌ಎಫ್ ಇಲ್ಲದೆ ಇಷ್ಟು ದೊಡ್ಡ ಯೋಜನೆಗೆ ಕೈ ಹಾಕುವ ಮುನ್ನ ಎರಡು ಸಲ ಯೋಚಿಸಿ. ಯುಜಿಸಿಯ 2022ರ ನಿಯಮದಂತೆ ಪಿಎಚ್‌ಡಿಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಹೆಣ್ಣುಮಕ್ಕಳಿಗೆ ಇನ್ನೆರಡು ವರ್ಷದ ಸಡಿಲಿಕೆಯೂ 240 ದಿನದವರೆಗಿನ ಹೆರಿಗೆ–ಶಿಶುಪಾಲನಾ ರಜೆಯೂ ಇದೆ.

ಗೈಡ್ ಹುಡುಕುವಾಗ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗವನ್ನೂ ನೋಡಿ. ವಿನಯದ ಮೇಲೆಯೇ ಕೆಲಸ ಮಾಡಿದವರು ಬೇಕೆಂದು ಕಾಯಬೇಡಿ, ಸ್ಕೇಲ್ ಕಟ್ಟುವುದು ಚೆನ್ನಾಗಿ ಬಲ್ಲವರು ಸಾಕು. ಹೊರದೇಶದಲ್ಲಿ ಈ ಕ್ಷೇತ್ರ ಬೆಳೆಸಿದವರೂ ಹಾಗೆಯೇ ಪಕ್ಕದ ದಾರಿಯಿಂದ ಬಂದವರು. ವರ್ದಿಂಗ್ಟನ್ ಮೊದಲು ಕ್ಷಮೆಯ ಮೇಲೆ ದಶಕಗಳ ಕಾಲ ದುಡಿದವರು, ಟ್ಯಾಂಗ್ನಿ ನಾಚಿಕೆ ಮತ್ತು ಪಾಪಪ್ರಜ್ಞೆಯ ಮೇಲೆ. ಅಲ್ಲಿಯ ಬಹಳಷ್ಟು ಕೆಲಸಕ್ಕೆ ಟೆಂಪಲ್‌ಟನ್ ಪ್ರತಿಷ್ಠಾನದ ಹಣ ಬಂದಿದೆ, ಮಾದರಿಗಳಲ್ಲಿ ಅಮೆರಿಕದ ಕಾಲೇಜು ಮಕ್ಕಳೇ ಹೆಚ್ಚು. ಓದುವಾಗ ಎರಡೂ ನೆನಪಿರಲಿ. ಓದು ಬರಹ ಇಲ್ಲದ ಹೆಣ್ಣುಮಕ್ಕಳ ನಡುವೆ ಇದನ್ನು ಸರಿಯಾಗಿ ಅಳೆದ ಕೆಲಸಕ್ಕೆ ಬೆಲೆ ಇರುವುದು ಈ ಕಾರಣಕ್ಕೇ.

ಎಂ.ಎ. ಜೊತೆಗೆ ಪಿಎಚ್‌ಡಿ ಆದ ಮಾತ್ರಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಲು ಬರುವುದಿಲ್ಲ, ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ಮಾನ್ಯತೆಯ ತರಬೇತಿಯೂ ನೋಂದಣಿಯೂ ಬೇಕು. ಅಧ್ಯಾಪಕಿಯಾದರೆ ಅಸಿಸ್ಟೆಂಟ್ ಪ್ರೊಫೆಸರಿಗೆ ವಾರಕ್ಕೆ 16 ತಾಸು ಪಾಠ. ಉಳಿದ ಹೊತ್ತಿನಲ್ಲಿ ಆಗುವಷ್ಟೇ ಕೆಲಸ ಇಟ್ಟುಕೊಳ್ಳಿ: ಮೊದಲ ಎರಡು ವರ್ಷ ಸ್ಕೇಲ್ ಒಂದೇ, ಆಮೇಲೆ ಸಂಘಗಳ ಅಧ್ಯಯನ, ಪಿಎಚ್‌ಡಿ ಮುಗಿದ ಮೇಲೆ ಬೇರೆ ಜನ. ಇಳಕಲ್ಲಿನ ನೇಕಾರರು, ಹೈಸ್ಕೂಲು ಶಿಕ್ಷಕರು, ಹಾಲಿನ ಸಂಘಗಳು ಹೀಗೆ. ಸ್ಕೇಲಿನ ಪ್ರಬಂಧವನ್ನೇ ಮೊದಲು ಪ್ರಕಟಿಸಿ, ಕನ್ನಡ ಹೇಳಿಕೆಗಳನ್ನು ಯಾರು ಬೇಕಾದರೂ ಬಳಸುವಂತೆ ಬಿಡಿ. ಬಳಸಿದವರೆಲ್ಲ ನಿಮ್ಮ ಕೆಲಸವನ್ನು ಉಲ್ಲೇಖಿಸುತ್ತಾರೆ. ದುಡ್ಡು ತೆಗೆದುಕೊಂಡು ಹದಿನೈದು ದಿನದಲ್ಲಿ ಅಚ್ಚು ಹಾಕುವ ಜರ್ನಲ್‌ಗಳ ಕಡೆ ತಿರುಗಿಯೂ ನೋಡಬೇಡಿ.

ಇಂಡಿ_ರೋಡ್

ಕೊನೆಯದಾಗಿ ಒಂದೇ ಪ್ರಶ್ನೆ. ಎರಡು ಸುತ್ತು ಅಂದಿರಿ. ಯಾವ ತಿಂಗಳು, ಎಷ್ಟು ಅಂತರ? ಆರು ತಿಂಗಳು ಸಾಕೇ?

ಬೇವಿನಗಿಡ_ಕಟ್ಟಿ

ಆರ ತಿಂಗಳ ಬ್ಯಾಡ್ರಿ ಮೇಡಂ. ನೆಮ್ಮದಿ ಸ್ಕೇಲ್ ಕೇಳೂದು ಹಿಂದಿನ ಎರಡ ವಾರದ ಮಾತು. ಆಗಸ್ಟನ್ಯಾಗ ಮೊದಲನೇ ಸುತ್ತು ಹಾಕಿ ಆರ ತಿಂಗಳಿಗೆ ಹ್ವಾದ್ರ ಬಿಳಿಜೋಳದ ಸುಗ್ಗಿ ಹೊತ್ತು, ಮನ್ಯಾಗ ಯಾರೂ ಸಿಗೂದಿಲ್ಲ. ಸಿಕ್ಕವರೂ ದಣದಿರ್ತಾರ. ಸ್ವಲ್ಪ ಮುಂಚೆ ಹ್ವಾದ್ರ ಸಂಕ್ರಮಣದ ಸಿದ್ಧೇಶ್ವರ ಜಾತ್ರಿ, ಎಲ್ಲಾರ ಮನಸೂ ಹುರುಪಿನ್ಯಾಗ ಇರತೈತಿ. ನೀವು ಅಳದದ್ದು ಜಾತ್ರಿ ಆಗತೈತಿ ಹೊರತು ನೆಮ್ಮದಿ ಆಗೂದಿಲ್ಲ. ಕಬ್ಬ ಕಡಿಯಾಕ ಹೋಗೂ ಮನಿತನದವರು ದೀಪಾವಳಿ ಆಸುಪಾಸು ಊರ ಬಿಟ್ಟ್ರ ಕಾರ್ಖಾನಿ ನಿಂತ ಮ್ಯಾಲನ ತಿರಗಿ ಬರೂದು. ಅವರ ಬಿಟ್ಟು ಹ್ವಾದ್ರ ಬಡವರ ಲೆಕ್ಕಾನ ಹಾರಿ ಹೋಗತೈತಿ.

ಅದಕ್ಕ ಹನ್ನೆರಡ ತಿಂಗಳ ಬಿಟ್ಟು ಅದ ತಿಂಗಳದಾಗ, ಅದ ವಾರದಾಗ ಹೋಗ್ರಿ. ಮುಂಗಾರಿ ಬಿತ್ತಿಗಿ ಮುಗದು ಹಿಂಗಾರಿ ಶುರು ಆಗೂಕ್ಕಿಂತ ಮೊದಲಿನ ಆಗಸ್ಟ್ ಚೊಲೋ. ಪಂಚಮಿ ಹಬ್ಬದ ವಾರ ಅಷ್ಟ ಬಿಡ್ರಿ, ಅವಾಗ ಹೆಣ್ಣಮಕ್ಕಳೆಲ್ಲಾ ತವರಮನಿಗೆ ಹೋಗಿರ್ತಾರ. ಸ್ಕೇಲ್ ಎರಡ ಸಲ ಒಂದ ಥರ ಅಳೀತೈತೋ ಇಲ್ಲೋ ನೋಡೂ ಸಣ್ಣ ಪರೀಕ್ಷಾಕ್ಕ 50 ಮಂದಿ ಸಾಕು, ಎರಡ–ಮೂರ ವಾರದ ಅಂತರ, ಅದನ್ನ ಒಂದ ವರ್ಷ ಮೊದಲ ಮುಗಸಿ ಇಟ್ಟಿರ್ರಿ. ಮತ್ತ ಎರಡನೇ ಸುತ್ತಿಗೆ ಹೋಗುವಾಗ ಹೊಸಾ ರಟ್ಟು ಮಾಡಸಬ್ಯಾಡ್ರಿ. ಮೊದಲಿನ ಸುತ್ತಿಗೆ ಒಯ್ದ ಅದ ಲೋಟದ ಚಿತ್ರಾನ ಒಯ್ಯಿರಿ.